ಮೂರನೆಯ ಏಟು

"ಮೂರನೇ ಏಟು ಬಲಗಿವಿ ಮೇಲೆ. ಅಲ್ಲೇ ನೀನು ಸಾಯ್ಬೇಕು," ಎಂದಳು ಯೂಲಾಲಿ, ತಮ್ಮನ ತಲೆಗೆ ಕೆಂಪು ವಸ್ತ್ರ ಬಿಗಿಯುತ್ತ. ವಸ್ತ್ರದೊಳಗೆ ಪುಂಡಿ ಹೂವಿನ ರಸ ತುಂಬಿದ ತೆಳ್ಳನೆಯ ಚೀಲವಿತ್ತು.

"ಹೆಚ್ಚು ಹೊತ್ತು ಸತ್ತಿರೋಕಾಗಲ್ಲ ಅಕ್ಕಾ. ಬೆಳಿಗ್ಗೆಯಿಂದ ಮೂರು ಲೋಟ ಕೋಕೋ ಕುಡಿದಿದೀನಿ," ಎಂದ ಆನ್ಸೆಲ್.

ಅವಳಿಗೆ ನಗು ಬರಲಿಲ್ಲ. ಮೈದಾನದ ಅಂಚಿನಲ್ಲಿ ಲೆನಾಕ್ಸ್‌ನ ಬಿಳಿ ಜೀಪು ನಿಂತಿತ್ತು. ಲೆನಾಕ್ಸ್ ಒಬ್ಬ ಮೀನುಗಾರನನ್ನು ಗುಂಡಿಟ್ಟು ಕೊಂದದ್ದನ್ನು ಕಣ್ಣಾರೆ ಕಂಡವನು ಆನ್ಸೆಲ್ ಒಬ್ಬನೇ. ಸೋಮವಾರ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅಲ್ಲಿಯವರೆಗೆ ಅವನನ್ನು ಉಳಿಸುವುದಿಲ್ಲವೆಂದು ಲೆನಾಕ್ಸ್ ಗುಡ್ಡದ ಮೇಲಿನ ಇಡೀ ಊರಿಗೇ ಕೇಳುವಂತೆ ಹೇಳಿದ್ದ. ಮೂರು ದಿನದಿಂದ ಆ ಜೀಪು ಬೆನ್ನು ಬಿಟ್ಟಿರಲಿಲ್ಲ.

ಹಡಗಿನಲ್ಲಿ ಬರುವ ಪ್ರವಾಸಿಗರಿಗೆ ದಾರಿ ತೋರಿಸಿ ಊರು ಸುತ್ತಿಸುವುದು ಯೂಲಾಲಿಯ ಕೆಲಸ. ಉಪಾಯವೂ ಆ ಕೆಲಸದಿಂದಲೇ ಹೊಳೆದಿತ್ತು. ಲೆನಾಕ್ಸ್‌ನ ಕಣ್ಣೆದುರೇ, ನಲವತ್ತು ಪ್ರವಾಸಿಗರ ಎದುರೇ ಆನ್ಸೆಲ್ ಸಾಯಬೇಕು. ಐದು ಗಂಟೆಗೆ ಹಡಗು ಹೊರಡುತ್ತದೆ; ಕಂಡವರೆಲ್ಲ ಅದರೊಡನೆ ಹೋಗುತ್ತಾರೆ, ಯಾರೂ ಯಾರನ್ನೂ ಕೇಳುವಂತಿಲ್ಲ. ಹೆಣವೆಂದು ಹೊತ್ತು ಅವನನ್ನು ತರಕಾರಿ ವ್ಯಾನಿನಲ್ಲಿ ಕಡಲಿಗೆ, ಅಲ್ಲಿಂದ ದೋಣಿಯಲ್ಲಿ ಪಕ್ಕದ ಟೊಬೇಗೊ ದ್ವೀಪಕ್ಕೆ ಸಾಗಿಸುವುದು. ಸೋಮವಾರ ನೆಟ್ಟಗೆ ಕೋರ್ಟಿಗೆ.

ಹೊಡೆಯುವವನು ರೊಮೇನ್. ಹಡಗು ಬಂದ ದಿನವೆಲ್ಲ ಆನ್ಸೆಲ್ ಜೊತೆ ದೊಣ್ಣೆವರಸೆ ಆಡಿ ತೋರಿಸುತ್ತ ಹತ್ತು ವರ್ಷ ಕಳೆದ ಗೆಳೆಯ. ಇವತ್ತು ಅವನು ಹನಿ ನೀರೂ ಕುಡಿದಿರಲಿಲ್ಲ. ಎಂದಿನ ಟೊಳ್ಳು ಬಿದಿರಿನ ಬದಲು ಅಜ್ಜನ ಕಾಲದ ಗಟ್ಟಿ ದೊಣ್ಣೆ ತಂದಿದ್ದ.

"ಇದ್ಯಾಕೋ?" ಎಂದಳು ಯೂಲಾಲಿ.

"ಬಿದಿರಿನ ಸದ್ದು ಅವನಿಗೆ ಗೊತ್ತಾಗತ್ತೆ ಅಕ್ಕಾ. ನಿಜ ಅನ್ನಿಸ್ಬೇಕಲ್ಲ." ಮಾತು ಇವಳೊಡನೆ, ನೋಟ ಜೀಪಿನ ಮೇಲೆ.

"ಮೆಲ್ಲಗೆ ಹೊಡಿಯೋ, ಈ ತಲೆಗಿನ್ನೂ ಮದುವೆಯಾಗಿಲ್ಲ," ಎಂದ ಆನ್ಸೆಲ್.

ರೊಮೇನ್ ದೊಣ್ಣೆ ಕೆಳಗಿಟ್ಟ. ಅವನನ್ನು ಎಳೆದು ಬಿಗಿಯಾಗಿ ತಬ್ಬಿಕೊಂಡ.

"ನನಗಿಂತ ಇವನೇ ಹೆದರಿದಾನೆ ಕಣಕ್ಕಾ," ಎಂದ ಆನ್ಸೆಲ್.

ತಮಟೆಗಳು ಶುರುವಾದವು. ಯೂಲಾಲಿ ಮುಖಕ್ಕೆ ನಗು ಅಂಟಿಸಿಕೊಂಡು ಪ್ರವಾಸಿಗರ ಕಡೆ ತಿರುಗಿದಳು. "ಸೋತವನು ಕಣದ ನಡುವಿನ ಈ ಗುಂಡಿಗೆ ತನ್ನ ರಕ್ತ ಹರಿಸ್ಬೇಕು. ಮುಂದಿನ ಸಾಲಿನವರು ಬಟ್ಟೆ ಜೋಪಾನ."

"ನಿಜವಾದ ರಕ್ತಾನಾ?" ಎಂದಳು ಒಬ್ಬ ಮುದುಕಿ.

"ಅದನ್ನೆಲ್ಲ ಊಟಕ್ಕೆ ಮುಂಚೆ ಕೇಳ್ಬಾರದಮ್ಮ."

ಜನ ನಕ್ಕರು. ಮೊದಲ ಏಟು ಆನ್ಸೆಲ್‌ನ ಭುಜಕ್ಕೆ ಬಿತ್ತು. ಎರಡನೆಯದು ಪಕ್ಕೆಗೆ. ಒಳಗೇನೋ ಲಟಕ್ಕೆಂದಿತು. ಆನ್ಸೆಲ್ ಬಾಯಿ ತೆರೆದು, ಉಸಿರು ಸಿಗದೆ, ಅಕ್ಕನ ಕಡೆ ನೋಡಿದ. ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡಳು ಅವಳು.

ರೊಮೇನ್ ಎರಡೂ ಕೈಯಲ್ಲಿ ದೊಣ್ಣೆ ಎತ್ತಿದ. ಮೂರನೆಯ ಏಟು ಹೇಳಿಕೊಟ್ಟ ಜಾಗಕ್ಕೇ ಬಿತ್ತು. ಚೀಲ ಒಡೆದು ಕೆಂಪು ಚಿಮ್ಮಿತು. ಆನ್ಸೆಲ್ ಗುಂಡಿಯ ಪಕ್ಕ ಕವುಚಿ ಬಿದ್ದ. ಕಾಲುಗಳು ಎರಡು ಸಲ ಒದ್ದಾಡಿ ನಿಂತವು. ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಯೂಲಾಲಿ ಮೊದಲೇ ಗೊತ್ತುಮಾಡಿಕೊಂಡಂತೆ ಕಿರುಚುತ್ತ ಓಡಿದಳು. ತಮ್ಮನ ಮೇಲೆ ಬಿದ್ದು ಎದೆ ಬಡಿದುಕೊಂಡಳು. ಜೀಪಿನ ಎಂಜಿನ್ ಶುರುವಾದದ್ದು ಕೇಳಿಸಿತು.

"ಚೆನ್ನಾಗಿ ಸತ್ತೆ ಕಣೋ," ಎಂದು ಅವನ ಕಿವಿಯಲ್ಲಿ ಉಸುರಿದಳು. "ಹೊರಟಿದಾನೆ. ಇನ್ನೊಂದು ಗಳಿಗೆ ಉಸಿರು ಬಿಗಿ ಹಿಡಿ."

ತಲೆ ಎತ್ತಿ ತೊಡೆಯ ಮೇಲಿಟ್ಟುಕೊಳ್ಳಹೋದಳು. ಕಿವಿಯ ಹಿಂದೆ ಅವಳ ಬೆರಳು ಇಳಿಯಬಾರದಷ್ಟು ಆಳಕ್ಕೆ ಇಳಿಯಿತು. ಅಂಗೈ ತುಂಬಿದ್ದು ಬೆಚ್ಚಗಿತ್ತು.

"ಆನ್ಸೆಲ್. ಏಳೋ."

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವಳು ರೊಮೇನ್‌ನತ್ತ ಕತ್ತೆತ್ತಿದಳು. ಅವನು ಅವಳನ್ನು ನೋಡಲಿಲ್ಲ. ದೊಣ್ಣೆ ಬಿಸುಟು, ಎರಡೂ ಕೈ ಮೇಲೆತ್ತಿ, ಜೀಪಿನ ಕಡೆಗೆ ನಡೆಯುತ್ತಿದ್ದ.

ಜೀಪಿನ ಹಿಂಬಾಗಿಲು ತೆರೆಯಿತು. ಲೆನಾಕ್ಸ್, ಕೈ ಬಾಯಿ ಕಟ್ಟಿ ಕೂರಿಸಿದ್ದ ರೊಮೇನ್‌ನ ಬಸುರಿ ಹೆಂಡತಿಯನ್ನು ಹೊರಗೆ ತಳ್ಳಿದ.