ಸಾಕವ್ವನಿಗೆ ಒಪ್ಪಿಸಿದ ಕೆಲಸ

ಒಂದು ಕಾಲವಿತ್ತಂತೆ. ಸಂತಾನ ನಿಯಂತ್ರಣ ಎಂಬ ಮಾತು ಆ ಊರಿಗಿನ್ನೂ ಬಂದಿರಲಿಲ್ಲ. ಸಾಲಾಗಿ ಹೆಣ್ಣೇ ಹುಟ್ಟಿದರೆ ಕೊನೆಯದಕ್ಕೆ ಸಾಕವ್ವ ಎಂದು ಹೆಸರಿಡುತ್ತಿದ್ದರು. ಹೆಸರು ಕೇಳಿ ದೇವರು ನಿಲ್ಲಿಸುತ್ತಾನೆ ಎಂಬ ನಂಬಿಕೆ. ಒಬ್ಬ ಅಜ್ಜಿಯೂ ನಾಲ್ಕನೆಯ ಮೊಮ್ಮಗಳ ಕಿವಿಯಲ್ಲಿ ಆ ಹೆಸರು ಹೇಳಿ, "ಇನ್ನ ಇದು ನಿನ್ನ ಕೆಲಸ" ಎಂದಳು.

ಸಾಕವ್ವನ ಬೆನ್ನಿಗೆ ಇನ್ನೂ ಮೂರು ಹೆಣ್ಣು ಹುಟ್ಟಿದವು. "ಹೆಸರಿಗೆ ತಕ್ಕ ಗುಣ ಇಲ್ಲ ಇದಕ್ಕ," ಎಂದು ಅಜ್ಜಿ ಅವಳನ್ನೇ ಬೈಯುತ್ತಿದ್ದಳು.

ನಲವತ್ತು ದಾಟಿದ ಮೇಲಿನ ಏಳನೆಯ ಹೆರಿಗೆಯಲ್ಲಿ ಅವ್ವ ಸತ್ತು ಬದುಕಿದಳು. ಇನ್ನೊಂದಾದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಅಷ್ಟೊತ್ತಿಗೆ ಸಾಕವ್ವ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು.

"ನಿಮ್ಮವ್ವಗ ಆಪರೇಶನ್ ಮಾಡಿಸಿಬಿಡವಾ," ಎಂದ ಅಪ್ಪ.

"ಅಕಿ ಮೈಯಾಗ ರಕ್ತ ಇಲ್ಲ, ತಡಕೊಳ್ಳಂಗಿಲ್ಲ. ನಿನಗ ಮಾಡಿದ್ರ ಅರ್ಧ ತಾಸಿನ ಕೆಲಸ."

"ಗಂಡಸರು ಯಾರರ ಮಾಡಿಸ್ಕೋತಾರೇನ? ನಿಮ್ಮಜ್ಜಿ ಇನ್ನೂ ಗಂಡು ಕೂಸಿನ ಮಾರಿ ನೋಡಿಲ್ಲ. ಅಕೀನ ಬರಲಿ, ತಡಿ."

ಅಪ್ಪ ಹೇಳಿ ಕಳಿಸಿದ. ಅಜ್ಜಿ ಬಂದಳು. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡಳು. ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು, ಆಸ್ಪತ್ರೆಯ ಹೊರಬಾಗಿಲಿಗೆ ಅಡ್ಡ ಕೂತಳು.

"ನಾ ಒಂಬತ್ತು ಹಡದೀನಿ. ನಿಮ್ಮಪ್ಪಗ ಹೇಳಾಕ ನನಗ ಬಾಯಿ ಬರಲಿಲ್ಲ," ಎಂದಳು ಮಗನಿಗೆ. "ಒಳಗ ನಡಿ. ಮುಗಿಯೂತನಾ ನಾ ಏಳಂಗಿಲ್ಲ."

ಅರ್ಧ ತಾಸಿಗೆ ಸಾಕವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಆತಜ್ಜಿ, ಏಳು" ಎಂದಳು.