ಇಲಿಯ ಬೆನ್ನಿನ ನಕ್ಷೆ

ಓಡುವ ಇಲಿಯ ಬೆನ್ನುಹುರಿಯಲ್ಲಿ ಡೋಪಮೈನ್ ಕೋಶಗಳು ಎಲ್ಲೆಲ್ಲಿ ಮಿನುಗುತ್ತವೆಂದು ನಕ್ಷೆ ಬರೆದು, ಅದನ್ನು ಕಾಲಿನ ಸ್ವಾಧೀನ ತಪ್ಪಿದವರ ಬೆನ್ನಿಗೆ ಅಚ್ಚಿನಂತೆ ಒತ್ತುವುದು ಇಳಕಲ್ಲಿನಲ್ಲೀಗ ಹಲ್ಲು ಕೀಳಿಸಿದಷ್ಟೇ ಮಾಮೂಲಿ. ಇಲಿಯನ್ನು ಮಾತ್ರ ಮನೆಯವರೇ ತರಬೇಕು.

ನೇಕಾರ ಗುರುಬಸಪ್ಪನ ಸರದಿ ಬಂದಾಗ, ದುಡಿಯಲು ಹೊರಟವರನ್ನು ಉಪವಾಸ ಕಳಿಸಬಾರದೆಂದು ಹೆಂಡತಿ ನೀಲವ್ವ ಇಲಿಗೆ ಶೇಂಗಾ ಹೋಳಿಗೆ ತಿನ್ನಿಸಿಬಿಟ್ಟಿದ್ದಳು. ಅದು ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿತ್ತು.

"ಇದರ ನಕ್ಷೆ ಒತ್ತಿದರ ನಿಮ್ಮ ಯಜಮಾನ್ರು ಮಲಗೇ ಇರ್ತಾರ, ನೀಲವ್ವಾರ," ಎಂದಳು ನಕ್ಷೆ ಬರೆಯುವ ಮೆಹರುನ್ನೀಸಾ.

"ಅದನ್ನ ಮದವಿ ಆದಾಗಿಂದ ನೋಡೇನವಾ!" ಎಂದರೂ ನೀಲವ್ವ ಇಲಿಯ ಕಡೆ ಬಾಗಿದಳು. ಮಗ್ಗದ ಲಯದಲ್ಲಿ ಮೇಜು ಕುಟ್ಟಿದಳು: ಖಟ್‌ಪಟ್, ಖಟ್‌ಪಟ್. ನೇಕಾರ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲೇ ಬೆಳೆದ ಇಲಿ ದಡಕ್ಕನೆ ಎದ್ದು ಓಡಿತು. ಮೆಹರುನ್ನೀಸಾಳ ಮುಂದಿನ ಪರದೆ ತುಂಬ ಚುಕ್ಕಿ ಮಿನುಗಿದವು.

ನಕ್ಷೆ ಒತ್ತಿದ್ದೇ ತಡ, ಎರಡು ವರ್ಷ ಅಲುಗದ ಗಂಡನ ಕಾಲು ಅವಳ ಮೊಣಕಾಲಿಗೆ ಒದೆಯಿತು.

"ಇನ್ನೊಮ್ಮಿ ಒದೀರಿ," ಎಂದು ನೀಲವ್ವ ಅಳುತ್ತಲೇ ನಕ್ಕಳು.