ಕೂವಂ ನೀರಿನ ಮದ್ದು

ಗುರುಚರಣನ ಬಲಗಾಲಿಗಾಗಿ ಅಲ್ಲಿಯವರೆಗೆ ಹೋಗಿದ್ದು ಇಷ್ಟು: ತಾಯಿ ಜಯಲಕ್ಷ್ಮಿಯ ಬಳೆಗಳು, ಹೆಂಡತಿ ಭಾವನಾಳ ಕೆಲಸ, ನಾಲಿಗೆ ತಿರುಗದ ಹೆಸರುಗಳ ಆಂಟಿಬಯೋಟಿಕ್‌ಗಳು. ಅವುಗಳಲ್ಲಿ ಕೆಲವನ್ನು ಮೆಡಿಕಲ್ ರೆಪ್ ಆಗಿ ಊರೆಲ್ಲ ಸುತ್ತಿ ಡಾಕ್ಟರುಗಳಿಗೆ ಪರಿಚಯಿಸಿದವನು ಅವನೇ. ಬೈಕು ಜಾರಿ ಮೂಳೆಗೆ ನಂಜಾದಾಗ ಅವು ಯಾವುವೂ ಅವನಿಗೆ ಕೆಲಸ ಮಾಡಲಿಲ್ಲ. ಉಳಿದಿದ್ದು ಹೊಸ ಮದ್ದೊಂದೇ. ಈಗ ಅದೂ ದಾರಿಯಲ್ಲೆಲ್ಲೋ ಸಾಯುತ್ತಿತ್ತು.

“ಲ್ಯಾಬಲ್ಲಿ ಇದೇ ಮದ್ದು ಇದೇ ರೋಗಾಣುವನ್ನ ನುಂಗಿಹಾಕುತ್ತೆ,” ಎಂದಳು ಡಾಕ್ಟರ್ ನಂದಿತಾ, ಗಾಯಕ್ಕೆ ಮತ್ತೆ ಬಟ್ಟೆ ಸುತ್ತುತ್ತ. “ಇಲ್ಲಿ ಗಾಯದಲ್ಲಿ ಅದರ ಸುಳಿವೇ ಇಲ್ಲ. ಸತ್ತಿದ್ದನ್ನ ಹಾಕಿದ ಹಾಗಿದೆ.”

ಮೈಲಾಪುರದ ಆ ಹಳೆಯ ಫ್ಲ್ಯಾಟಿನಲ್ಲಿ ಎಲ್ಲರೂ ಹಾಸಿಗೆಯ ಸುತ್ತ ನಿಂತಿದ್ದರು. ಜಯಲಕ್ಷ್ಮಿ ಸೊಸೆಯ ಕಡೆ ನೋಡಿದರು.

ಮದ್ದು ಗುಳಿಗೆಯಾಗಿರಲಿಲ್ಲ. ರೋಗಾಣುವನ್ನು ಹುಡುಕಿ ಕೊಲ್ಲುವ ವೈರಸ್ ಅದು. ಫೇಜ್ ಎಂದು ಹೆಸರು. ಆಂಟಿಬಯೋಟಿಕ್ ಸೋತ ಕಡೆ ಈಗೀಗ ಇದನ್ನು ಪ್ರಯೋಗಿಸುತ್ತಿದ್ದರು. ಗುರುಚರಣನ ಕೀವಿನಲ್ಲಿದ್ದ ರೋಗಾಣುವಿಗೆ ಹೊಂದುವಂಥದ್ದನ್ನು ಪೋರೂರಿನ ಕಡೆಯ ತನ್ನ ಲ್ಯಾಬಿನಲ್ಲಿ ನಂದಿತಾ ಬೆಳೆಸಿದ್ದಳು. ಕಾಲು ಕತ್ತರಿಸಬೇಕೆಂದಿದ್ದ ಸರ್ಜನ್ ಇದಕ್ಕಾಗಿ ಒಂದು ತಿಂಗಳು ತಡೆದಿದ್ದ.

ಮೊದಲ ದಿನ ಜಯಲಕ್ಷ್ಮಿ ಅದು ಎಲ್ಲಿಯದೆಂದು ಕೇಳಿದ್ದರು. ಆ ತಮಿಳು ಊರಿನಲ್ಲಿ ಡಾಕ್ಟರು ಕನ್ನಡದವಳೆಂದು ಸಲಿಗೆ.

“ಕೂವಂ ಹೊಳೇದು ಅಮ್ಮಾ, ಊರ ಚರಂಡಿಯೆಲ್ಲ ಸೇರುತ್ತಲ್ಲ, ಅದೇ. ರೋಗಾಣು ಎಲ್ಲಿ ಜಾಸ್ತಿಯೋ ಅಲ್ಲೇ ಇವೂ ಇರ್ತವೆ.”

ಜಯಲಕ್ಷ್ಮಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಎಲ್ಲರೂ ನಕ್ಕರು. ಹಾಸಿಗೆಯಲ್ಲಿದ್ದ ಗುರುಚರಣ ಕೂಡ ನಕ್ಕು, ಊರಿನ ಸಾಕ್ಕಡೆ ಗಲೀಜೆಲ್ಲ ನನ್ನ ಕಾಲಿಗೇ ಬಂತಾ ಅಂದ. ಚೆನ್ನಾಗಿ ಸೋಸಿದ್ದೇವೆ, ಹೆದರಬೇಡಿ ಎಂದು ನಂದಿತಾ ಸಮಾಧಾನ ಹೇಳಿದಳು. ವೈರಸ್, ಫೇಜ್ ಎಂದೆಲ್ಲ ಆ ವಯಸ್ಸಿನವರಿಗೆ ಹೇಗೆ ಬಿಡಿಸಿ ಹೇಳುವುದು? “ಹಾಲಿದ್ದ ಹಾಗೆ ಅಂದ್ಕೊಳ್ಳಿ ಅಮ್ಮಾ. ಹೊರಗಿಟ್ರೆ ಕೆಡುತ್ತೆ. ಫ್ರಿಜ್ಜಲ್ಲೇ ಇಡಿ. ಗಾಯಕ್ಕೆ ಹಾಕೋವಾಗ ಮಾತ್ರ ಥಂಡಿ ಬಿಟ್ಟಿರಬೇಕು, ಇಲ್ಲದಿದ್ರೆ ನೋವಾಗುತ್ತೆ.”

ಜಯಲಕ್ಷ್ಮಿಗೆ ಅದು ಚೆನ್ನಾಗಿ ಅರ್ಥವಾಯಿತು. ಫ್ರಿಜ್ಜು ಅಡಿಗೆಮನೆಯಲ್ಲಿತ್ತು. ಬೆಳಿಗ್ಗೆ ಪೂಜೆ ಮುಗಿಯುವವರೆಗೆ ಅಲ್ಲಿ ಅವರದೇ ಮಡಿ. ಬೇರೆ ಯಾರಿಗೂ ಪ್ರವೇಶವಿಲ್ಲ. ಹಾಲಿನ ಪ್ಯಾಕೆಟ್ಟನ್ನೂ ತೊಳೆದೇ ಒಳಗೆ ತರುವ ಮನೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದ ನಂದಿತಾ, ನಮ್ಮ ಲ್ಯಾಬಿಗಿಂತ ಇದೇ ಚೊಕ್ಕಟವಾಗಿದೆ ಎಂದಿದ್ದಳು. ಆ ಮಾತನ್ನು ಜಯಲಕ್ಷ್ಮಿ ಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಿದ್ದರು.

ವಾರಕ್ಕೊಮ್ಮೆ ಭಾವನಾ ಪೋರೂರಿಗೆ ಹೋಗಿ ಐಸ್ ಪೆಟ್ಟಿಗೆಯಲ್ಲಿ ಸೀಸೆಗಳನ್ನು ತರುತ್ತಿದ್ದಳು. ಬೆಳಿಗ್ಗೆ ಅತ್ತೆ ಅಂದಿನ ಮದ್ದನ್ನು ಬೆಳ್ಳಿ ಬಟ್ಟಲಲ್ಲಿ ಕೊಡುತ್ತಿದ್ದರು. ಅಷ್ಟರಲ್ಲಿ ಅದರ ಥಂಡಿ ಬಿಟ್ಟಿರುತ್ತಿತ್ತು. ಗಾಯಕ್ಕೆ ಬಿಡುತ್ತಿದ್ದವಳು ಭಾವನಾ.

“ದಾರೀಲಿ ಎಲ್ಲಾದ್ರೂ ನಿಂತಿದ್ಯಾ?” ನಂದಿತಾ ಅವಳನ್ನು ಮೆಲ್ಲಗೆ ಕೇಳಿದಳು.

“ಒಂದು ಸಲ ಅಮ್ಮನ ಮನೆಗೆ. ಚುಮ್ಮಾ, ಸುಮ್ನೆ ನೀರು ಕುಡಿಯೋಕೆ. ಪೆಟ್ಟಿಗೆ ತೆಗೀಲಿಲ್ಲ.”

“ಒಂದು ಸಲ ಅಂತ ಒಪ್ಕೊಂಡಿದ್ದಾಳೆ,” ಎಂದರು ಜಯಲಕ್ಷ್ಮಿ, ಗೋಡೆಗೆ ಹೇಳುವಂತೆ. “ಈ ಬಿಸಿಲಲ್ಲಿ ಹಾಲಿಟ್ಕೊಂಡು ಹರಟೆಗೆ ಕೂತ್ರೆ ಒಡೀದೆ ಇರುತ್ತಾ.”

ಭಾವನಾ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಕಡೆ ತಿರುಗಿಕೊಂಡ.

ಮುಂದಿನ ವಾರದಿಂದ ನಂದಿತಾ ತಾನೇ ಕಾರಿನಲ್ಲಿ ಮದ್ದು ತಂದು ಜಯಲಕ್ಷ್ಮಿಯ ಕೈಗೆ ಕೊಟ್ಟಳು. ಆದರೂ ಜ್ವರ ಏರಿತು. ತಡವಾಯಿತಲ್ಲ, ಇನ್ನೇನು ಮಾಡೀತು ಎಂದು ಎಲ್ಲರೂ ಅಂದುಕೊಂಡರು. ಸರ್ಜನ್ ಮತ್ತೆ ಕಾಯಲಿಲ್ಲ. ಮಂಡಿಯ ಮೇಲಿನಿಂದ ಕಾಲು ತೆಗೆದರು.

ಆಸ್ಪತ್ರೆಯಿಂದ ಬಂದ ದಿನ ಗುರುಚರಣ ಭಾವನಾಳ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳಲಿಲ್ಲ. ಸಂಜೆ ಅವಳು ಬಟ್ಟೆ ತುಂಬಿಕೊಂಡು ತಾಯಿಯ ಮನೆಗೆ ಹೋದಳು. ಯಾರೂ ತಡೆಯಲಿಲ್ಲ.

ನಂದಿತಾಳಿಗೆ ಸಮಾಧಾನವಿರಲಿಲ್ಲ. ಫ್ರಿಜ್ಜಿನ ಮೂಲೆಯಲ್ಲಿ ಭಾವನಾ ತಂದ ಸೀಸೆಗಳಲ್ಲಿ ಕೆಲವು ಉಳಿದಿದ್ದವು, ತಾಯಿಯ ಮನೆಗೆ ಹೋಗಿಬಂದ ದಿನದ್ದೂ ಸೇರಿ. ಅವನ್ನೆಲ್ಲ ಒಯ್ದು ಪರೀಕ್ಷಿಸಿದಳು. ಎಲ್ಲದರಲ್ಲೂ ಮದ್ದು ಜೀವಂತವಾಗಿತ್ತು, ಲ್ಯಾಬಿನಿಂದ ಹೊರಟಾಗ ಹೇಗಿತ್ತೋ ಹಾಗೆಯೇ.

ಅದನ್ನು ಹೇಳಲೆಂದೇ ಮತ್ತೆ ಮೈಲಾಪುರಕ್ಕೆ ಬಂದಳು. ಭಾವನಾಳದು ಏನೂ ತಪ್ಪಿಲ್ಲ ಎಂದಳು. ಫ್ರಿಜ್ಜಿನವರೆಗೂ ಮದ್ದು ಸರಿಯಾಗಿಯೇ ಬಂದಿದೆ.

ಒಳಗಿನ ಕೋಣೆಯಲ್ಲಿ ಗುರುಚರಣ ಕೆಮ್ಮಿದ. ಜಯಲಕ್ಷ್ಮಿ ಎದ್ದು ಆ ಬಾಗಿಲನ್ನು ಎಳೆದು ಬಂದರು. ಮುಖದಲ್ಲಿ ಸೊಸೆಯನ್ನು ನೆನೆದು ಹುಟ್ಟಿದ ನೋವು ಇತ್ತು, ಕಪಟ ಇರಲಿಲ್ಲ.

“ಹಾಗಾದ್ರೆ ಪಾಪ ಆ ಹುಡುಗೀನ ಸುಮ್ನೆ ಅಂದುಬಿಟ್ಟೆ. ನಾನೇ ಹೋಗಿ ಕರ್ಕೊಂಡು ಬರ್ತೀನಿ. ಮಗನ ಕಾಲು ಹೋಯ್ತು, ಸೊಸೆಯಾದ್ರೂ ಉಳೀಲಿ.” ಸೆರಗಿನಿಂದ ಕಣ್ಣೊರೆಸಿಕೊಂಡು ನಂದಿತಾಳ ಕೈ ಹಿಡಿದರು. “ನನ್ನ ಕೈಲಿ ಮಾತ್ರ ಒಂದು ದಿನವೂ ಲೋಪ ಆಗ್ಲಿಲ್ಲ ಡಾಕ್ಟರಮ್ಮಾ.”

ಹಿಡಿದ ಕೈ ಬಿಡದೆ ಅವರೇ ಮುಂದುವರಿಸಿದರು: “ಕೂವಂ ನೀರು, ಹಾಗೇ ಗಾಯಕ್ಕೆ ಹಾಕೋಕಾಗುತ್ತಾ? ಹಾಲಿದ್ದ ಹಾಗೆ ಅಂದ್ರಲ್ಲ, ದಿನಾ ಮಡೀಲಿ ಒಗ್ಗರಣೆ ಸೌಟಲ್ಲಿ ಚೆನ್ನಾಗಿ ಕುದಿಸಿ, ಆರಿಸಿಯೇ ಕೊಟ್ಟೆ.”